ಹದಿನೇಳು ಗಂಟೆಯ ದಾರಿ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಎಷ್ಟು ದೂರವೆಂದು ಯಾರಾದರೂ ಕೇಳಿದರೆ ಹಿಂದೆ ನಾನು ಥಟ್ಟನೆ ಉತ್ತರ ಕೊಡುತ್ತಿದ್ದೆ. ಈಗ ಕೊಂಚ ಅನುಮಾನಿಸುತ್ತೇನೆ.

ಅಕ್ಕನ ಮಗನಿಗೆ ಅಲ್ಲಿ ಉದ್ಯೋಗ. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂತು. ಅದನ್ನು ನಡೆಸಿದ ನಾಲ್ವರು ಪೈಲಟ್‌ಗಳೂ ಹೆಂಗಸರೆಂದು ಪತ್ರಿಕೆಯಲ್ಲಿ ಓದಿ ಮನೆಮಂದಿಯೆಲ್ಲ ಹಿಗ್ಗಿದೆವು. ಆ ವಿಮಾನ ಉತ್ತರ ಧ್ರುವದ ಮೇಲೆ ಹಾದುಬಂದಿತೆಂಬುದನ್ನು ಮಾತ್ರ ನಾನು ನಂಬಲಿಲ್ಲ. ಪಶ್ಚಿಮದ ಊರಿನಿಂದ ಬರುವವರಿಗೆ ಉತ್ತರದ ಹಿಮದಲ್ಲೇನು ಕೆಲಸ? ಮೊಮ್ಮಗಳ ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ಹೊಲಿಗೆ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ತಾನಾಗಿ ಮೇಲಕ್ಕೆ ಜಾರಿ ಧ್ರುವದ ಹತ್ತಿರ ಹೋಗಿ ನಿಂತಿತು! ಆ ಊರು ಭೂಮಿಯ ಹೆಚ್ಚುಕಡಿಮೆ ಆಚೆಯ ಮಗ್ಗುಲಲ್ಲಿದೆ. ಸೊಂಟ ಬಳಸಿ ಹೋಗುವುದಕ್ಕಿಂತ ನೆತ್ತಿಯ ಮೇಲೆ ಹೋಗುವುದೇ ಹತ್ತಿರ. ದೂರ ಸುಮಾರು 14,000 ಕಿಲೋಮೀಟರು, ಭೂಮಿಯ ಸುತ್ತಳತೆಯ ಮೂರನೆಯ ಒಂದು ಪಾಲಿಗೂ ಮಿಗಿಲು. ಹಿಡಿಯುವ ಕಾಲ ಸುಮಾರು 17 ಗಂಟೆ. ಅಂದಿನಿಂದ ಮನೆಗೆ ಬಂದವರಿಗೆಲ್ಲ ದಾರ ಎಳೆದು ತೋರಿಸುವುದು ನನಗೊಂದು ಚಟವಾಯಿತು.

2023ರ ಜನವರಿಯ ಒಂದು ಶನಿವಾರ ಬೆಳಿಗ್ಗೆ ಅಕ್ಕನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. 8 ಗಂಟೆಗೆ ಮಗನಿಗೆ ಫೋನು ಮಾಡಿದೆ. "ಹೊರಟೆ, ಮಾಮ" ಎಂದ.

"ಬರೋಕೆ ಎಷ್ಟು ಹೊತ್ತಾಗುತ್ತೋ?" ಎಂದು ಅಕ್ಕ ಕೇಳಿದಳು.

"ಹದಿನೇಳೇ ಗಂಟೆ, ಅಕ್ಕ" ಎಂದೆ. ಧೈರ್ಯ ಹೇಳಿದೆನೆಂದು ನನ್ನ ಭಾವನೆ.

ಅಕ್ಕ ಎದುರು ಗೋಡೆಯ ಗಡಿಯಾರ ನೋಡಿದಳು. ಮಾತನಾಡಲಿಲ್ಲ. ರಾತ್ರಿ 1 ಗಂಟೆಗೆ ಸರಿಯಾಗಿ ಕಣ್ಣು ಬಿಟ್ಟು "ಬಂದನೇನೋ?" ಎಂದಳು.

ಅಲ್ಲಿ ಆಗಿನ್ನೂ ಶನಿವಾರ ಮಧ್ಯಾಹ್ನಕ್ಕೆ ಮುಂಚಿನ 11-30. ಅವನಿಗೆ ಜಾಗ ಸಿಕ್ಕಿದ್ದುದು ಅಂದಿನ ರಾತ್ರಿಯ ವಿಮಾನದಲ್ಲಿ. ಮನೆಯಲ್ಲಿ ಬಟ್ಟೆ ಜೋಡಿಸುತ್ತಿದ್ದ. ಹದಿನೇಳು ಗಂಟೆಯೆಂಬುದು ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣಕ್ಕೆ, ಮಗನಿಂದ ತಾಯಿಗಲ್ಲ. ಆ ಲೆಕ್ಕವನ್ನು ಹಾಸಿಗೆ ಹಿಡಿದವಳಿಗೆ ಹೇಗೆ ಬಿಡಿಸಿ ಹೇಳಲಿ? "ದಾರಿಯಲ್ಲಿದ್ದಾನೆ, ಅಕ್ಕ" ಎಂದು ಸುಳ್ಳು ಹೇಳಿದೆ. ಆಮೇಲೆ ಎಚ್ಚರವಾದಾಗಲೆಲ್ಲ ಅದೇ ಪ್ರಶ್ನೆ, ಅದೇ ಸುಳ್ಳು. ಭಾನುವಾರ ಬೆಳಿಗ್ಗೆ 10ಕ್ಕೆ ವಿಮಾನ ಹೊರಟಿತೆಂಬ ಸುದ್ದಿ ಬಂತು. ಅಲ್ಲಿಗೆ ನನ್ನ ಮಾತು ನಿಜವಾಯಿತು. ಅಲ್ಲಿ ಶನಿವಾರ ರಾತ್ರಿ ಹತ್ತಿದವನು ಇಲ್ಲಿ ಇಳಿದದ್ದು ಸೋಮವಾರ 3ರ ಜಾವಕ್ಕೆ. ದೇವನಹಳ್ಳಿಯಿಂದ ಆಸ್ಪತ್ರೆ ಮುಟ್ಟಿದಾಗ 5. ನಾನು ಹೇಳಿದ್ದ 17 ಗಂಟೆ 45 ಆಗಿತ್ತು.

ಅಕ್ಕ ಕಾದಿದ್ದಳು. ಮಗನ ಕೆನ್ನೆ ಸವರಿ, ನನ್ನತ್ತ ತಿರುಗಿ, "ನಿನ್ನ ಗಡಿಯಾರ ಬಲು ನಿಧಾನ ಕಣೋ" ಎಂದಳು. ಸುಳ್ಳು ಅವಳಿಗೆ ಗೊತ್ತಾಗಿತ್ತೆಂದು ಕಾಣುತ್ತದೆ.

ಅಕ್ಕ ಚೇತರಿಸಿಕೊಂಡಳು. ಮೂರು ವಾರ ಕಳೆದು ಮಗ ಹಿಂದಿರುಗುವ ದಿನ ಬಂತು. ನಮಸ್ಕಾರ ಮಾಡಿ ಎದ್ದವನು, "ಅಮ್ಮ, ಯೋಚನೆ ಮಾಡಬೇಡ. ಬರೋಕೆ ಹದಿನೇಳೇ ಗಂಟೆ" ಎಂದ.

"ಗಂಟೆ ಲೆಕ್ಕ ಬೇಡಪ್ಪ, ಅದು ನಿಮ್ಮ ಮಾಮನಿಗಿರಲಿ," ಎಂದಳು ಅಕ್ಕ. "ಯಾವ ತಿಂಗಳು ಬರ್ತೀಯ, ಅದು ಹೇಳು."