ಗ್ರೀಷ್ಮಕ್ಕೊಂದು ನಿಯಮ

ಶ್ರಾವಕನ ಅಷ್ಟಮೂಲಗುಣಗಳನ್ನು ಆಚಾರ್ಯರು ಬೇರೆ ಬೇರೆ ಬಗೆಯಲ್ಲಿ ಎಣಿಸಿದ್ದಾರೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಹೇಳಿದರೆ, ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಣುವ್ರತಗಳ ಸ್ಥಾನದಲ್ಲಿ ಐದು ಉದುಂಬರ ಫಲಗಳ ತ್ಯಾಗವನ್ನು ಇರಿಸಿದ್ದಾರೆ. ಎಣಿಕೆಯಲ್ಲಿ ಎಷ್ಟೇ ಭೇದವಿದ್ದರೂ ಮದ್ಯದ ವಿಷಯದಲ್ಲಿ ಭೇದವಿಲ್ಲ. ಮದ್ಯತ್ಯಾಗವು ಶ್ರಾವಕತ್ವದ ಹೊಸ್ತಿಲು; ಅದನ್ನು ದಾಟದೆ ಒಳಗೆ ಪ್ರವೇಶವಿಲ್ಲ.

ಈ ಕಾರಣದಿಂದಲೇ ಜೈನ ಮನೆತನಗಳಲ್ಲಿ ಮದ್ಯದ ಮಾತು ಮುಗಿದ ಮಾತೆಂದು ತಿಳಿಯಲಾಗುತ್ತದೆ. “ನಮ್ಮವರಲ್ಲಿ ಕುಡಿಯುವವರಿಲ್ಲ” ಎಂಬ ವಾಕ್ಯವನ್ನು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ತಪ್ಪಲ್ಲ. ಆದರೆ ಆ ವಾಕ್ಯಕ್ಕೆ ಇನ್ನೊಂದು ಪರಿಣಾಮವಿದೆ. ಕುಡಿತಕ್ಕೆ ಬಿದ್ದ ಒಬ್ಬ ಗೃಹಸ್ಥನು ಆ ಮಾತನ್ನು ಕೇಳಿದಾಗ, ತಾನು ಇವರ ಲೆಕ್ಕದಲ್ಲಿಯೇ ಇಲ್ಲವೆಂದು ತಿಳಿಯುತ್ತಾನೆ. ಬಿದ್ದವನಿಗೆ ಏಳುವ ದಾರಿ ಹೇಳುವವರಿಲ್ಲದಿದ್ದರೆ ಅವನು ಬಿದ್ದಲ್ಲಿಯೇ ಉಳಿಯುವನು.

ಭಟ್ಕಳ ತಾಲ್ಲೂಕಿನ ಬೆಳಕೆಯ ಸೀಮೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಒಬ್ಬ ಗೃಹಸ್ಥರ ವಿಷಯ ಇಂಥದೇ. ಅವರ ಹೆಸರು ಇಲ್ಲಿ ಅನಗತ್ಯ. ತಂದೆಯ ಕಾಲದಿಂದ ಬಂದ ಅಂಗಡಿ, ಪತ್ನಿ, ಹೈಸ್ಕೂಲಿನಲ್ಲಿ ಓದುವ ಮಗಳು, ಊರಿನ ಬಸದಿಯಲ್ಲಿ ಮಾನ, ಎಲ್ಲವೂ ಇದ್ದವು. ವ್ಯಾಪಾರದ ತಿರುಗಾಟದಲ್ಲಿ ಅಂಟಿದ ಕುಡಿತ ಹತ್ತು ವರ್ಷಗಳಲ್ಲಿ ದಿನನಿತ್ಯದ್ದಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾದರೂ ಪರವಾನಗಿಯ ಮದ್ಯದಂಗಡಿಗಳು ಮುಚ್ಚಲಿಲ್ಲ; ಕುಡಿಯುವವನಿಗೆ ದಾರಿ ದೂರವಾಗಲಿಲ್ಲ. ಪೇಟೆಯಲ್ಲಿ ಉದ್ದರಿ ಹುಟ್ಟದಾಯಿತು. ಪತ್ನಿಯ ಕೈಬಳೆಗಳು ಸಹಕಾರಿ ಸಂಘದ ತಿಜೋರಿ ಸೇರಿದವು.

ಅವರು ಬಿಡಲು ಯತ್ನಿಸಲಿಲ್ಲವೆಂದಲ್ಲ. ಮೂರು ಸಲ ಜಿನಬಿಂಬದ ಮುಂದೆ ನಿಂತು ಯಾವಜ್ಜೀವ ತ್ಯಾಗದ ಪ್ರತಿಜ್ಞೆ ಮಾಡಿದರು. ಮೂರು ಸಲವೂ ತಿಂಗಳೊಳಗೆ ಭಂಗವಾಯಿತು. ಒಂದು ಸಲ ಬಂಧುಗಳು ಅವರಿಗೆ ಉಪವಾಸದ ಕಟ್ಟುಪಾಡು ವಿಧಿಸಿ ಮನೆಯ ಕೋಣೆಯೊಂದರಲ್ಲಿ ಕೂರಿಸಿದರು. ಎರಡನೆಯ ದಿನ ಮೈ ಸೆಟೆದು ಫಿಟ್ಸ್ ಬಂದು ಆಸ್ಪತ್ರೆಗೆ ಒಯ್ಯಬೇಕಾಯಿತು. ಪ್ರತಿ ಕುಟುಂಬವೂ ತಿಳಿದಿರಬೇಕಾದ ಸಂಗತಿ ಇದು. ಬಹುಕಾಲ ಪ್ರತಿದಿನ ಕುಡಿದ ದೇಹವು ಹಠಾತ್ತನೆ ಮದ್ಯವನ್ನು ಕಳೆದುಕೊಂಡರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾನಾಶ ತೋರುತ್ತವೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಗಳಲ್ಲಿ ಸನ್ನಿಯಂಥ ಭ್ರಮೆ ಹಿಡಿದು ಪ್ರಾಣಕ್ಕೆ ಅಪಾಯವಾಗಬಹುದು. ಇಂತಹ ತ್ಯಾಗದ ಮೊದಲ ವಾರ ವೈದ್ಯರ ಕಣ್ಣೆದುರಿನಲ್ಲಿ ನಡೆಯಬೇಕು. ಆ ದಿನಗಳಲ್ಲಿ ಉಪವಾಸ ಸಲ್ಲದು. ಜೀವದಯೆಯು ಸ್ವಂತ ದೇಹದ ಜೀವಕ್ಕೂ ಅನ್ವಯಿಸುತ್ತದೆ.

ಕೊನೆಗೆ ಅವರು ಸೇರಿದ್ದು ಮದ್ಯವರ್ಜನ ಶಿಬಿರವನ್ನು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳ ಆಶ್ರಯದಲ್ಲಿ ಇಂತಹ ಶಿಬಿರಗಳು ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ನಡೆದಿವೆ. ವೈದ್ಯರ ತಪಾಸಣೆ, ಯೋಗ, ಭಜನೆ, ಆಪ್ತಸಲಹೆ, ಮನೆಯವರೊಡನೆ ಮುಖಾಮುಖಿ ಮಾತು ಇವು ಅದರ ಕ್ರಮ. ಶಿಬಿರ ಮುಗಿದವರು ‘ನವಜೀವನ ಸಮಿತಿ’ಯಲ್ಲಿ ಒಂದುಗೂಡಿ ಪರಸ್ಪರ ಕಾಯುತ್ತಾರೆ. ಜೈನ ಮನೆತನವೊಂದರ ಧರ್ಮಾಧಿಕಾರಿಗಳು ನಡೆಸಿದ ಈ ಕಾರ್ಯದಲ್ಲಿ ಜಾತಿಮತಗಳ ಎಣಿಕೆಯಿಲ್ಲ.

ಆ ಗೃಹಸ್ಥರು ಶಿಬಿರ ಮುಗಿಸಿದ್ದು ಚಳಿಗಾಲದಲ್ಲಿ. ಮುಂದೆ ಬಂದದ್ದು ಬೇಸಗೆ. ಕರಾವಳಿಯ ಬೇಸಗೆಯನ್ನು ಬಲ್ಲವರಿಗೆ ಅದರ ಕಷ್ಟ ಹೇಳಬೇಕಾಗಿಲ್ಲ. ಭಟ್ಕಳದಿಂದ ಕುಮಟೆಯವರೆಗೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಗಾಳಿಯೇ ಬೆವರುತ್ತದೆ. ಮದುವೆ, ಗೃಹಪ್ರವೇಶ, ಜಾತ್ರೆ, ರಾತ್ರಿಯಿಡೀ ಯಕ್ಷಗಾನ ಬಯಲಾಟ, ಊರಿಗೆ ಬಂದ ಮುಂಬಯಿಯ ಬಂಧುಗಳು, ಮುರ್ಡೇಶ್ವರ ಗೋಕರ್ಣಗಳ ಕಡಲತೀರಕ್ಕೆ ಬರುವ ಪ್ರವಾಸಿಗರು. ಎಲ್ಲೆಲ್ಲಿಯೂ ತಣ್ಣನೆಯ ಬಾಟಲಿ. ಸೆಕೆಗೆ ಅದು ತಂಪು ಎಂಬ ನಂಬಿಕೆ ಬೇರೆ. ವಾಸ್ತವದಲ್ಲಿ ಮದ್ಯವು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತದೆ. ಬಾಯಾರಿಕೆಯನ್ನು ತೀರಿಸುವಂತೆ ನಟಿಸಿ ಬೆಳೆಸುತ್ತದೆ.

ಬಾಯಾರಿಕೆಯ ಈ ಅಪಾಯವನ್ನು ಪುರಾಣಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಪುನ್ನಾಟ ಸಂಘದ ಜಿನಸೇನಾಚಾರ್ಯರು ಕ್ರಿ.ಶ. 783ರಲ್ಲಿ ರಚಿಸಿದ ‘ಹರಿವಂಶಪುರಾಣ’ದಲ್ಲಿ ದ್ವಾರಾವತಿಯ ದಹನದ ಪ್ರಸಂಗವಿದೆ. ಮದ್ಯದ ನಿಮಿತ್ತದಿಂದ ನಗರ ನಾಶವಾಗುವುದೆಂದು ನೇಮಿನಾಥ ತೀರ್ಥಂಕರರಿಂದ ತಿಳಿದಾಗ ನಗರದ ಮದ್ಯವನ್ನೆಲ್ಲ ಕದಂಬವನದಲ್ಲಿ ಚೆಲ್ಲಲಾಯಿತು. ವಿಷಯ ಮುಗಿಯಿತೆಂದು ಎಲ್ಲರೂ ತಿಳಿದರು. ವರ್ಷಗಳು ಉರುಳಿದವು. ವನಕ್ರೀಡೆಗೆ ಹೋದ ಯಾದವ ಕುಮಾರರು ಬಾಯಾರಿ, ಹೊಂಡಗಳಲ್ಲಿ ನಿಂತಿದ್ದ ಅದೇ ಮದ್ಯವನ್ನು ನೀರೆಂದು ಕುಡಿದರು, ಮತ್ತೇರಿ ದ್ವೈಪಾಯನ ಮುನಿಯ ಮೇಲೆ ಕಲ್ಲೆಸೆದರು, ನಗರ ಉರಿಯಿತು. ಚೆಲ್ಲಿದ ಮದ್ಯವು ಇಲ್ಲವಾಗಲಿಲ್ಲ, ಬಾಯಾರಿದವನಿಗಾಗಿ ಕಾದಿತ್ತು. ಕುಡಿತ ಬಿಟ್ಟವನ ಮನಸ್ಸಿನಲ್ಲಿಯೂ ಅಂತಹ ಹೊಂಡಗಳಿರುತ್ತವೆ. ದಾಹ, ಹಸಿವು, ಕೋಪ, ಒಂಟಿತನ, ಆಯಾಸ ಇವು ಅಲ್ಲಿಗೆ ಎಳೆದೊಯ್ಯುವ ದಾರಿಗಳು.

ಹಾಗಾದರೆ ಬೇಸಗೆಯನ್ನು ದಾಟುವುದು ಹೇಗೆ? ಆ ಗೃಹಸ್ಥರು ಬಸದಿಯ ಹಿರಿಯರೊಬ್ಬರಲ್ಲಿ ತಮ್ಮ ಭಯ ತೋಡಿಕೊಂಡರು: “ಜನ್ಮಪೂರ್ತಿ ಅಂತ ಹೇಳಿ ಮೂರು ಸಲ ಸೋತಿದ್ದೇನೆ. ನಾಲ್ಕನೇ ಸಲ ಹೇಳಲಿಕ್ಕೆ ಬಾಯಿ ಬರುವುದಿಲ್ಲ.” ಹಿರಿಯರು ರತ್ನಕರಂಡಕದ ಭೋಗೋಪಭೋಗ ಪರಿಮಾಣ ವ್ರತದ ಭಾಗವನ್ನು ತೆರೆದು ತೋರಿಸಿದರು. ಅಲ್ಲಿ ಆಚಾರ್ಯರು ತ್ಯಾಗವನ್ನು ಯಮವೆಂದೂ ನಿಯಮವೆಂದೂ ವಿಂಗಡಿಸಿದ್ದಾರೆ. ಬದುಕಿರುವವರೆಗಿನದು ಯಮ, ಕಾಲದ ಗಡಿ ಹಾಕಿಕೊಂಡದ್ದು ನಿಯಮ. ಆ ಗಡಿ ಒಂದು ಹಗಲಿನಷ್ಟು ಕಿರಿದಾಗಬಹುದು, ಒಂದು ಪಕ್ಷ, ಒಂದು ತಿಂಗಳು, ಒಂದು ಋತುವಿನಷ್ಟು ಹಿರಿದಾಗಬಹುದು. “ಮದ್ಯತ್ಯಾಗ ಯಮವೇ ಹೌದು ತಮ್ಮಾ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಯಮದ ಗುಡ್ಡವನ್ನು ನಿಯಮದ ಮೆಟ್ಟಿಲಿನಿಂದ ಹತ್ತಬಹುದು. ಇವತ್ತಿನದನ್ನು ಇವತ್ತು ತಗೊ” ಎಂದರು.

ವ್ಯಾಪಾರಿಗೆ ಇದು ಸುಲಭವಾಗಿ ಅರ್ಥವಾಯಿತು. ಅಂಗಡಿಯ ರೋಜು ಕಿರ್ದಿಯನ್ನು ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತಾರೆ. ಇಡೀ ಆಯುಷ್ಯದ ಲೆಕ್ಕವನ್ನು ಒಂದೇ ದಿನ ಬರೆಯುವವರಿಲ್ಲ. ಅವರು ಬೆಳಗಿನ ದರ್ಶನದಲ್ಲಿ ಆ ಒಂದು ದಿನದ ನಿಯಮವನ್ನು ಹಿಡಿದು, ಮರುದಿನ ಅದನ್ನೇ ನವೀಕರಿಸತೊಡಗಿದರು. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ನೊಂದವರು, ಸೇರಿ ಕಟ್ಟಿದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಸಂಘವು ಜಗತ್ತಿಗೆ ಹೇಳಿದ ಉಪಾಯವೂ ಇದೇ: ಇಂದು ಒಂದು ದಿನ ಕುಡಿಯದಿರು. ಆಚಾರ್ಯರು ಇದನ್ನು ಎಷ್ಟೋ ಶತಮಾನಗಳ ಹಿಂದೆಯೇ ವ್ರತವಿಧಾನವನ್ನಾಗಿ ಮಾಡಿದ್ದರು.

ಅದೇ ಪ್ರಕರಣದಲ್ಲಿ ಹೇಳಿರುವ ಐದು ಅತಿಚಾರಗಳು ಇನ್ನೂ ಸೂಕ್ಷ್ಮವಾದವು. ವಿಷಯಸುಖದ ವಿಷವನ್ನು ಉಪೇಕ್ಷಿಸದೆ ಆದರಿಸುವುದು, ಹಿಂದೆ ಅನುಭವಿಸಿದ್ದನ್ನು ಮತ್ತೆ ಮತ್ತೆ ಸ್ಮರಿಸುವುದು, ಎದುರಿಗಿರುವುದಕ್ಕೆ ಲೋಲುಪನಾಗುವುದು, ಮುಂದಿನದಕ್ಕೆ ಹಂಬಲಿಸುವುದು, ಅತಿಯಾಗಿ ಭೋಗಿಸುವುದು. ಇವುಗಳಲ್ಲಿ ಎರಡನೆಯದಾದ ಅನುಸ್ಮೃತಿಯೇ ಕುಡಿತ ಬಿಟ್ಟವನ ದೊಡ್ಡ ಶತ್ರು. ಹಳೆಯ ಗೆಳೆಯರು ಹಳೆಯ ಸಂಜೆಗಳನ್ನು ನಗುತ್ತ ನೆನೆಯುವಾಗ, ಆ ಸಂಜೆಗಳ ಮರುದಿನದ ಬೆಳಗನ್ನು ಯಾರೂ ನೆನೆಯುವುದಿಲ್ಲ. ಅಂತಹ ಗೋಷ್ಠಿಯಿಂದ ಎದ್ದು ಬರುವುದು ಅಸಭ್ಯತೆಯಲ್ಲ, ವ್ರತರಕ್ಷಣೆ.

ಆದರೆ ಬೇಡವೆಂದು ಹೇಳುವುದರಿಂದಲೇ ಋತು ಕಳೆಯುವುದಿಲ್ಲ. ಬೇಕೆಂದು ಹೇಳುವುದಕ್ಕೂ ಏನಾದರೂ ಇರಬೇಕು. ಜೈನರ ಪಂಚಾಂಗದಲ್ಲಿ ಬೇಸಗೆಯು ಬರಿದಾದ ಕಾಲವಲ್ಲ. ಚೈತ್ರದಲ್ಲಿ ಮಹಾವೀರ ಜಯಂತಿ, ವೈಶಾಖದಲ್ಲಿ ಅಕ್ಷಯ ತೃತೀಯಾ, ಜ್ಯೇಷ್ಠದಲ್ಲಿ ಶ್ರುತಪಂಚಮಿ. ಇವುಗಳಲ್ಲಿ ಅಕ್ಷಯ ತೃತೀಯಾ ಪಾನಕ್ಕೇ ಸಂಬಂಧಿಸಿದ ಹಬ್ಬ. ದೀರ್ಘಕಾಲ ಆಹಾರವಿಲ್ಲದೆ ವಿಹರಿಸಿದ ಆದಿನಾಥ ಸ್ವಾಮಿಗೆ ಹಸ್ತಿನಾಪುರದ ಶ್ರೇಯಾಂಸ ರಾಜನು ಇಕ್ಷುರಸವನ್ನು ನೀಡಿದ ದಿನವದು. ಮೊದಲ ತೀರ್ಥಂಕರರ ಪಾರಣೆ ಒಂದು ಬೊಗಸೆ ಕಬ್ಬಿನ ಹಾಲಿನಿಂದ ಆಯಿತು. ಸವಿಯನ್ನು ಧರ್ಮವು ದ್ವೇಷಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಆ ಮನೆಯಲ್ಲಿ ಬೇಸಗೆಗೆ ಸಿದ್ಧತೆ ನಡೆಯಿತು. ಪತ್ನಿ ಮುರುಗಲು ಹಣ್ಣಿನ ಸಿಪ್ಪೆಯನ್ನು ಸಕ್ಕರೆಯಲ್ಲಿ ನೆನೆಸಿ ಶರಬತ್ತಿಗೆ ಇಟ್ಟರು. ಮಧ್ಯಾಹ್ನಕ್ಕೆ ಮಾವಿನ ಅಪ್ಪೆಹುಳಿ, ತಂಬುಳಿ, ನೀರುಮಜ್ಜಿಗೆ, ಸಂಜೆಗೆ ಎಳನೀರು. ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡುವ ಕುಲಾಚಾರವನ್ನು ಅವರು ಕುಡಿತದ ವರ್ಷಗಳಲ್ಲಿ ಬಿಟ್ಟಿದ್ದರು. ಈಗ ಅದನ್ನು ಮತ್ತೆ ಹಿಡಿದರು. ಅದರ ಲಾಭ ಬೇಗನೆ ಕಂಡಿತು. ಹಿಂದೆ ಕಾಲು ಮದ್ಯದಂಗಡಿಯತ್ತ ಹೊರಳುತ್ತಿದ್ದ ಗಳಿಗೆಯಲ್ಲಿ ಈಗ ಹೊಟ್ಟೆ ತುಂಬಿರುತ್ತಿತ್ತು, ಎದುರಿಗೆ ಮಗಳಿರುತ್ತಿದ್ದಳು. ರಜೆಯಲ್ಲಿ ಮೂವರೂ ಬಸ್ಸು ಹತ್ತಿ ಶರಾವತಿಯ ದಂಡೆಯ ಗೇರುಸೊಪ್ಪೆಗೆ ಹೋದರು. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜಧಾನಿಯಲ್ಲಿ ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯನ್ನು ಮಗಳು ನಾಲ್ಕು ಬಾಗಿಲುಗಳಿಂದಲೂ ನೋಡಿದಳು. ತಂದೆಯೊಡನೆ ಇಡೀ ದಿನ ಕಳೆದು, ಅವರು ಬೆಳಿಗ್ಗೆ ಇದ್ದಂತೆಯೇ ಸಂಜೆಯೂ ಇದ್ದುದು ಅವಳಿಗೆ ಹೊಸದು.

ಪರೀಕ್ಷೆಗಳೂ ಬಂದವು. ಹತ್ತಿರದ ಮದುವೆಯೊಂದರಲ್ಲಿ ಮುಂಬಯಿಯಿಂದ ಬಂದ ಬಂಧುವೊಬ್ಬ ಚಪ್ಪರದ ಹಿಂದೆ ಕರೆದು, “ಒಂದು ಬಿಯರ್ ಕುಡಿದರೆ ಎಂತ ಆಗ್ತದೆ ಭಾವಾ, ಈ ಸೆಕೆಗೆ?” ಎಂದ. “ಇವತ್ತಿಗೆ ಬೇಡ” ಎಂದಷ್ಟೇ ಹೇಳಿ ಅವರು ಪಂಕ್ತಿಯತ್ತ ನಡೆದರು. ಉಪದೇಶ ಮಾಡಲಿಲ್ಲ, ವಾದ ಮಾಡಲಿಲ್ಲ. ಇನ್ನೊಂದು ರಾತ್ರಿ ಅದಕ್ಕಿಂತ ಕಠಿಣವಾಗಿತ್ತು. ಮಾಲು ಕೊಂಡ ವರ್ತಕನೊಬ್ಬ ಹಣವಿಲ್ಲವೆಂದು ಕೈಯೆತ್ತಿದ ದಿನ, ವಿದ್ಯುತ್ತೂ ಇಲ್ಲ. ಸಿಟ್ಟು, ಸೆಕೆ, ದಣಿವು ಒಟ್ಟಿಗೆ ಕೂಡಿದ್ದವು. ಅಂಗಿ ತೊಟ್ಟು ಹೊರಟವರು ಅಂಗಳದಲ್ಲಿ ನಿಂತು ನವಜೀವನ ಸಮಿತಿಯ ಸಂಗಾತಿಗೆ ಫೋನು ಮಾಡಿದರು. ಪಕ್ಕದ ಊರಿನ ಆ ಮೀನುಗಾರರು ಅರ್ಧ ಗಂಟೆಯಲ್ಲಿ ಬಂದು, ಜಗಲಿಯ ಮೇಲೆ ಕುಳಿತು, ತಂಬಿಗೆ ತಂಬಿಗೆ ನೀರು ಕುಡಿಯುತ್ತ ನಡುರಾತ್ರಿಯವರೆಗೆ ಮಾತಾಡಿದರು. ಬೆಳಗಾಯಿತು; ನಿಯಮ ಉಳಿದಿತ್ತು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಧರ್ಮಮಾರ್ಗದಿಂದ ಜಾರುತ್ತಿರುವವನನ್ನು ಪ್ರೀತಿಯಿಂದ ಮತ್ತೆ ನಿಲ್ಲಿಸುವುದು ಅದರ ಲಕ್ಷಣ. ವಾರಿಷೇಣ ಮುನಿಯು ಮನೆಯ ನೆನಪಿನಲ್ಲಿ ಕೊರಗುತ್ತಿದ್ದ ಸಂಗಡಿಗನನ್ನು ನಿಂದಿಸದೆ ಕೈಹಿಡಿದು ನಿಲ್ಲಿಸಿದ್ದು ಅದರ ನಿದರ್ಶನ. ಆ ರಾತ್ರಿ ಸ್ಥಿತಿಕರಣ ಮಾಡಿದವರು ಶ್ರಾವಕರಲ್ಲ. ಮೀನು ಹಿಡಿಯುವವರು ಜೈನರ ಜಗಲಿಯಲ್ಲಿ ಕುಳಿತರೆಂದು ಮರುದಿನ ಇಬ್ಬರು ಮೂವರು ಗೊಣಗಿದರು. ಗೊಣಗಿದವರಲ್ಲಿ ಯಾರೂ ಹಿಂದಿನ ಹತ್ತು ವರ್ಷಗಳಲ್ಲಿ ಆ ಜಗಲಿ ಹತ್ತಿ “ಹೇಗಿದ್ದಿ?” ಎಂದು ಕೇಳಿದವರಲ್ಲ. ಸಮಾಜವು ಯೋಚಿಸಬೇಕಾದ ಸಂಗತಿ ಇದೇ.

ಬಸದಿಯ ಸಮಿತಿಯಲ್ಲಿಯೂ ಇದರ ಪ್ರಶ್ನೆ ಎದ್ದಿತ್ತು. ಮಹಾವೀರ ಜಯಂತಿಯ ಕೆಲಸಗಳನ್ನು ಹಂಚುವಾಗ ಅವರ ಹೆಸರು ಬೇಡವೆಂದು ಒಬ್ಬರು ಸೂಚಿಸಿದರು. ಹಿಂದೆ ನಿಯಮವನ್ನು ತೋರಿಸಿದ ಹಿರಿಯರೇ, “ಪಾನಕದ ಕೆಲಸ ಅವನಿಗೇ ಇರಲಿ” ಎಂದರು. ಬೆಲ್ಲ, ನಿಂಬೆ, ಏಲಕ್ಕಿ, ಕಾಳುಮೆಣಸು ಕೂಡಿಸಿ ಆ ಗೃಹಸ್ಥರು ಮಾಡಿದ ಪಾನಕವನ್ನು ಆ ಬಿಸಿಲಿನಲ್ಲಿ ಊರೇ ಕುಡಿಯಿತು. ದೋಷವನ್ನು ಬೀದಿಗೆ ಎಳೆಯದೆ ಗುಣಕ್ಕೆ ಕೆಲಸ ಕೊಟ್ಟರೆ ಉಪಗೂಹನವೂ ಆಯಿತು, ವಾತ್ಸಲ್ಯವೂ ಆಯಿತು.

ಬಸದಿಗಳ ಟ್ರಸ್ಟುಗಳು ಮಾಡಬಹುದಾದುದು ಹೆಚ್ಚೇನಲ್ಲ. ವರ್ಷಕ್ಕೊಮ್ಮೆ ಒಬ್ಬ ವೈದ್ಯರನ್ನು ಕರೆದು ಈ ರೋಗದ ವಿಷಯ ಮಾತನಾಡಿಸಬಹುದು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ನ್ನು ಫಲಕದಲ್ಲಿ ಬರೆಸಬಹುದು. ಕುಟುಂಬಗಳು ಮನೆಯ ಔಷಧಿಗಳತ್ತಲೂ ಗಮನವಿಡಬೇಕು. ದ್ರಾಕ್ಷಾಸವ, ದಶಮೂಲಾರಿಷ್ಟಗಳಂತಹ ಆಸವ ಅರಿಷ್ಟಗಳಲ್ಲಿ ಸ್ವಾಭಾವಿಕವಾಗಿ ಹುಟ್ಟಿದ ಮದ್ಯಾಂಶವಿರುವುದರಿಂದ ಕುಡಿತ ಬಿಟ್ಟವರಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಬೇಕು. ಅವರಿಗೆ ಬೇಸಗೆಯಲ್ಲಿ ನಿರ್ಜಲ ಉಪವಾಸವನ್ನು ಒತ್ತಾಯಿಸಬಾರದು. ಮರಳಿ ಒಮ್ಮೆ ಎಡವಿದರೆ ನಿಯಮ ಸತ್ತಿತೆಂದು ಘೋಷಿಸದೆ, ಪ್ರಾಯಶ್ಚಿತ್ತ ಮಾಡಿಸಿ ಮರುದಿನದ ನಿಯಮವನ್ನು ಕೊಡಿಸಬೇಕು.

ಆ ವರ್ಷ ಮಳೆ ಹಿಡಿದು ಚಾತುರ್ಮಾಸ ಆರಂಭವಾದಾಗ ಬೆಳಕೆಯ ಆ ಗೃಹಸ್ಥರು ಮೊದಲ ಬಾರಿಗೆ ಒಂದು ದಿನದ ಬದಲು ನಾಲ್ಕು ತಿಂಗಳ ನಿಯಮವನ್ನು ಕೇಳಿ ಪಡೆದರು. ಯಮದ ಮಾತನ್ನು ಅವರು ಇನ್ನೂ ಆಡಿಲ್ಲ; ಯಾರೂ ಕೇಳಲೂ ಇಲ್ಲ. ಪತ್ನಿಯ ಬಳೆಗಳಲ್ಲಿ ಒಂದು ಜೊತೆ ತಿಜೋರಿಯಿಂದ ಮನೆಗೆ ಬಂದಿದೆ.