ಬಳೆ, ದಾರ, ಗಾಳಿ

ಕುರಕುಂಟಾದಲ್ಲಿ ಆಷಾಢದ ಗಾಳಿ ಎದ್ದರೆ ಮನೆಯವರೆಲ್ಲ ಕಿಟಕಿ ಮುಚ್ಚುತ್ತಾರೆ. ನಾನು ಟೇಬಲ್ ಫ್ಯಾನ್ ಹಚ್ಚುತ್ತೇನೆ. “ಹೊರಗಿಂದು ಸಾಲವಲ್ದೇನು?” ಅಂತಾಳೆ ಹೆಂಡತಿ. ಹೊರಗಿನ ಗಾಳಿ ನಾವು ಹೇಳಿದಂತೆ ಕೇಳುವುದಿಲ್ಲವಲ್ಲ!

ನನ್ನ ಹುಚ್ಚು ಕೂಲಿಂಗ್ ಟವರುಗಳದು. ವಾಡಿ, ಸೇಡಂ, ಮಳಖೇಡ ಎಂದು ಸುತ್ತ ಸಿಮೆಂಟ್ ಚಿಮಣಿಗಳನ್ನು ನೋಡುತ್ತ ಬೆಳೆದರೂ ಮನಸ್ಸು ಸೋತದ್ದು ನಡು ಸಣ್ಣಗಾದ ಆ ದೈತ್ಯರಿಗೆ. ನೂರು ಮೀಟರ್ ದಾಟಿದ ಗೋಪುರಕ್ಕೂ ಕಾಂಕ್ರೀಟ್ ಗೋಡೆ ಬಹುಪಾಲು ಒಂದು ಗೇಣೂ ದಪ್ಪವಿರುವುದಿಲ್ಲ.

ಮನೆಯಲ್ಲಿ ನಾನು ಕಟ್ಟುವ ಮಾದರಿ ಗೋಪುರಕ್ಕೆ ಕೆಳಗೆ ದೊಡ್ಡ ಬಳೆ, ಮೇಲೆ ಮಗುವಿನ ಬಳೆ, ನಡುವೆ ಬಿಗಿದ ದಾರಗಳು. ಮೇಲಿನ ಬಳೆಯನ್ನು ಮೆಲ್ಲಗೆ ತಿರುವಿದರೆ ದಾರಗಳು ನೇರವಾಗಿಯೇ ಉಳಿಯುತ್ತವೆ, ನಡು ಮಾತ್ರ ತಾನಾಗಿ ಸಣ್ಣಗಾಗುತ್ತದೆ. ತೊಗರಿ ಕಡ್ಡಿ ಆನಿಸಿ ನಿಲ್ಲಿಸಿ, ಪೇಪರಿನ ಪಟ್ಟಿಗಳನ್ನು ಗಂಜಿಯಿಂದ ಅಂಟಿಸಿದರೆ ಮೈ ಸಿದ್ಧ. ಅದರ ಮೇಲೆ ಉದ್ದುದ್ದ ದಾರದ ಏಣುಗಳು ಬೇಕು. ಸಣ್ಣ ಮಾದರಿಯ ನುಣುಪು ಮೈಯಿಂದ ಗಾಳಿ ಬೇಗ ಕಳಚಿಕೊಳ್ಳುತ್ತದೆ; ಒರಟು ಮಾಡಿದರೆ ನಿಜ ಗೋಪುರದ ಮೇಲಿನಂತೆ ಇನ್ನಷ್ಟು ದೂರ ಅಪ್ಪಿಕೊಂಡು ಹರಿಯುತ್ತದೆ. ಪ್ರಯೋಗಾಲಯದವರೂ ಇದೇ ಉಪಾಯ ಮಾಡುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ, ಮಾದರಿಗಳಿಗೆ ಗಾಳಿ ಹಾಯಿಸಿ ನೋಡುವ ಗಾಳಿಸುರಂಗವಿದೆ. ನನ್ನದು ಅಡುಗೆಮನೆ ಕಟ್ಟೆಯಷ್ಟು. ಫ್ಯಾನಿನ ಸುಳಿ ಬಿಡಿಸಲು ಸ್ಟ್ರಾಗಳ ಕಟ್ಟು, ನೆಲದ ಮೇಲಿನ ಗಾಳಿಯ ಏರುಪೇರಿಗೆ ಶಹಾಬಾದ್ ಕಲ್ಲಿನ ಚೂರುಗಳ ಸಾಲು.

ಗೋಪುರದ ಮೈಯಲ್ಲಿ ಸಣ್ಣ ಕಿಟಕಿ ಕೊರೆದು ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಅಂಟಿಸಿದ್ದೇನೆ. ಗಾಳಿಗೆ ಎದುರಾಗಿಟ್ಟರೆ ಹಾಳೆ ಒಳಕ್ಕೆ ತಗ್ಗುತ್ತದೆ. ಗೋಪುರವನ್ನು ತುಸು ತಿರುಗಿಸಿ ಪಕ್ಕಕ್ಕೆ ತಂದೊಡನೆ ಪಟ್ಟನೆ ಹೊರಕ್ಕೆ ಉಬ್ಬುತ್ತದೆ. ಗಾಳಿ ನೂಕುವುದು ಸುತ್ತಳತೆಯ ಸುಮಾರು ಐದನೆಯ ಒಂದು ಪಾಲನ್ನು ಮಾತ್ರ. ಉಳಿದ ಮೈಯನ್ನೆಲ್ಲ ಹೊರಕ್ಕೆ ಎಳೆಯುತ್ತದೆ. ಊದುಬತ್ತಿ ಹಿಡಿದರೆ ಹೊಗೆ ಪಕ್ಕಗಳನ್ನು ಸವರಿಕೊಂಡು ಹೋಗಿ, ಬೆನ್ನಿನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುರುಳಿ ಬಿಡುತ್ತದೆ.

ಆ ಸುರುಳಿಯ ದಾರಿಯಲ್ಲಿ ಇನ್ನೊಂದು ಗೋಪುರ ಇಟ್ಟರೆ ಅದರ ಕಿಟಕಿಯ ಹಾಳೆ ಪಟಪಟ ಬಡಿದುಕೊಳ್ಳುತ್ತದೆ. 1965ರ ನವೆಂಬರ್ 1ರಂದು ಇಂಗ್ಲೆಂಡಿನ ಫೆರ್ರಿಬ್ರಿಜ್‌ನಲ್ಲಿ ಎಂಟು ಗೋಪುರಗಳ ಪೈಕಿ ಮೂರು ಉರುಳಿದ್ದು ಹೀಗೆಯೇ. ಒಂದೊಂದೂ 114 ಮೀಟರ್ ಎತ್ತರ. ಗಾಳಿಗೆ ಎದೆಯೊಡ್ಡಿದ ಮುಂದಿನ ಸಾಲು ನಿಂತಿತು, ಬಿದ್ದವೆಲ್ಲ ಹಿಂದಿನ ಸಾಲಿನವು. ಲೆಕ್ಕ ಹಾಕಿದವರು ಗಾಳಿಯ ಜೋರನ್ನು ಕಡಿಮೆ ಹಿಡಿದಿದ್ದರು, ಒಂಟಿ ಗೋಪುರದ ಮಾದರಿಯನ್ನು ನಂಬಿದ್ದರು. ಈಗ ಅಕ್ಕಪಕ್ಕದ ಚಿಮಣಿ, ಕಟ್ಟಡಗಳನ್ನೂ ಕಟ್ಟಿ ಸುರಂಗದೊಳಗೆ ಇಡುತ್ತಾರೆ.

ದೊಡ್ಡವರ ಮರೆಯಲ್ಲಿದ್ದರೆ ಗಾಳಿ ತಾಗದು ಎನ್ನುವವರು ಒಮ್ಮೆ ಬಂದು ನನ್ನ ಎರಡನೆಯ ಗೋಪುರವನ್ನು ನೋಡಲಿ.