ನಕ್ಷೆಯೊಳಗಿನ ಹಸುರು

ಕರಾವಳಿಯ ನಮ್ಮ ಊರಿನಲ್ಲಿ ಆಟದ ಮೈದಾನವೆಂದು ಹೆಸರು ಹೊತ್ತ ಸ್ಥಳವೇ ಇರಲಿಲ್ಲ. ಕೊಯ್ಲು ಮುಗಿದ ಗದ್ದೆಯೇ ಮಕ್ಕಳ ಪಾಲಿಗೆ ಮೈದಾನ. ಒಂದು ರಾತ್ರಿ ಯಕ್ಷಗಾನದ ಮೇಳ ಬಂದರೆ ಅದೇ ಗದ್ದೆ ರಂಗಸ್ಥಳವಾಗುವುದು. ಮಳೆ ಬಿದ್ದೊಡನೆ ಅದು ಮರಳಿ ಗದ್ದೆ. ಇದರ ಹಿಂದೆ ಯೋಜನೆಯೆಂಬುದು ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪಲಾರೆವು. ಆಟ ಆಡಿಸುವ ಮುನ್ನ ಹಿರಿಯರು ಗದ್ದೆಯ ಒಡೆಯನನ್ನು ಕೇಳುತ್ತಿದ್ದರು. ಉದ್ದಿನ ಬಿತ್ತನೆ ಎಲ್ಲಿಯವರೆಗೆ ಬಂದಿದೆಯೆಂದು ವಿಚಾರಿಸುತ್ತಿದ್ದರು. ಹೆಂಗಸರು ಕುಳಿತು ನೋಡುವುದಕ್ಕೆ ಯಾವ ಬದಿ ಅನುಕೂಲವೆಂದು ಮನೆಯ ಅಜ್ಜಿಯರೊಡನೆ ಮಾತಾಡುತ್ತಿದ್ದರು. ಕಾಗದವಿರಲಿಲ್ಲ, ಕೇಳುವ ವಾಡಿಕೆ ಇತ್ತು.

ಮುಂಬಯಿಯಲ್ಲಾದರೋ ಅಂಗೈಯಗಲದ ನೆಲಕ್ಕೂ ಕಾಗದವುಂಟು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯಂತೆ ನಗರಕ್ಕೊಂದು ಅಭಿವೃದ್ಧಿ ಯೋಜನೆ ಇರಬೇಕು. ಇಪ್ಪತ್ತು ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ಯಾವ ತುಂಡು ನೆಲ ಶಾಲೆಗೆ, ಯಾವುದು ಆಸ್ಪತ್ರೆಗೆ, ಯಾವುದು ಉದ್ಯಾನಕ್ಕೆ ಎಂಬುದನ್ನು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಿರುತ್ತಾರೆ. ಹಸುರು ಬಣ್ಣದ ಚೌಕಗಳೆಂದರೆ ಆಟದ ಬಯಲು, ತೋಟ, ಮೈದಾನ. ಹತ್ತನೆಯ ತರಗತಿಯವರೆಗೂ ಕನ್ನಡ ಶಾಲೆಯಲ್ಲಿಯೇ ಓದಿ ಬಂದ ನಮಗೆ ಈ ನಕ್ಷೆಯ ಭಾಷೆ ತಿಳಿಯುವುದಕ್ಕೆ ಕೆಲವು ವರ್ಷಗಳೇ ಹಿಡಿದವು. ತಿಳಿದ ಮೇಲೆ ಒಂದು ಸೋಜಿಗ ಕಂಡಿತು. ನಕ್ಷೆಯ ಕರಡು ಸಿದ್ಧವಾದೊಡನೆ ಅದನ್ನು ಸಾರ್ವಜನಿಕರ ಮುಂದಿಡಬೇಕು, ಆಕ್ಷೇಪವಿದ್ದವರು ಗೊತ್ತಾದ ದಿನಗಳೊಳಗೆ ಬರೆದು ಕೊಡಬಹುದು ಎಂದು ಅದೇ ಕಾಯಿದೆ ಹೇಳುತ್ತದೆ. ನಮ್ಮೂರ ಹಿರಿಯರ ವಾಡಿಕೆಯೇ ಇಲ್ಲಿ ಕಾನೂನಿನ ಉಡುಪು ತೊಟ್ಟು ನಿಂತಿದೆ!

ಬರೆದು ಕೊಟ್ಟರೆ ಯಾರು ಓದುತ್ತಾರೆ ಎಂದು ನೀವು ಕೇಳುವಿರಿ. 2015ರ ಫೆಬ್ರವರಿಯಲ್ಲಿ ಮುಂಬಯಿಯ ಹೊಸ ಯೋಜನೆಯ ಕರಡು ಹೊರಬಂದಿತು. ಜನರು ತಮ್ಮ ತಮ್ಮ ಬೀದಿಯನ್ನು ಅದರಲ್ಲಿ ಹುಡುಕಿದರು. ನಿಂತ ಕಟ್ಟಡಗಳ ಮೇಲೆಯೇ ರಸ್ತೆ ಹಾದುದನ್ನು ಕಂಡರು. ಇರುವುದೊಂದು, ಬರೆದಿರುವುದು ಮತ್ತೊಂದು ಎಂಬುದನ್ನು ಕಂಡರು. ಹತ್ತಾರು ಸಾವಿರ ಆಕ್ಷೇಪಗಳು ಬಂದು ಬಿದ್ದವು. ಏಪ್ರಿಲಿನಲ್ಲಿ ರಾಜ್ಯ ಸರಕಾರ ಕರಡನ್ನು ತಿದ್ದಬೇಕೆಂದು ಆಜ್ಞೆ ಮಾಡಿತು. 2016ರಲ್ಲಿ ತಿದ್ದಿದ ಕರಡು ಬಂದಿತು, 2018ರಲ್ಲಿ ಅದಕ್ಕೆ ಮಂಜೂರಾತಿ ದೊರೆಯಿತು. ಕಾಗದಕ್ಕೆ ಬೆಲೆ ಇಲ್ಲವೆನ್ನುವವರು ಈ ಸಂಗತಿಯನ್ನು ನೆನೆಯಬೇಕು.

ನಮ್ಮ ನಾಡಿನದೇ ಇನ್ನೊಂದು ಕಥೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಡಲಾಯಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ‘ಇದನ್ನು ಕೇಳುವುದಕ್ಕೆ ನೀವು ಯಾರು?’ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಉದ್ಯಾನದ ನೆರೆಯಲ್ಲಿ ಬಾಳುವವರಿಗೆ ಕೇಳುವ ಹಕ್ಕುಂಟು, ಎಲ್ಲರಿಗಾಗಿ ಮೀಸಲಿಟ್ಟ ಬಯಲನ್ನು ಹೀಗೆ ಬೇರೆಯವರಿಗೆ ಕೊಡುವಂತಿಲ್ಲ ಎಂದು ತೀರ್ಪು ನೀಡಿತು. ಆಸ್ಪತ್ರೆ ಕೆಟ್ಟದ್ದೇ ಎಂದು ನೀವು ಕೇಳಬಹುದು. ಅಲ್ಲ, ಆದುದರಿಂದಲೇ ಈ ಕಥೆ ನಮಗೆ ಹಿಡಿಸುವುದು. ಉದ್ಯಾನದ ಎದುರು ನಿಲ್ಲುವುದು ಬಹುಮಟ್ಟಿಗೆ ಕೆಟ್ಟ ಕೆಲಸವಲ್ಲ, ಇನ್ನೊಂದು ಒಳ್ಳೆಯ ಕೆಲಸವೇ. ರಸ್ತೆ ಬೇಕು, ನೀರಿನ ತೊಟ್ಟಿ ಬೇಕು, ವಾಹನ ನಿಲ್ಲಿಸಲು ಜಾಗ ಬೇಕು. ಬಯಲು ಮಾತ್ರ ತನಗಾಗಿ ಏನನ್ನೂ ಬೇಡುವುದಿಲ್ಲ, ಅದರ ಪರವಾಗಿ ಯಾರಾದರೂ ಬಾಯಿ ತೆರೆಯಬೇಕು.

ಮುಂಬಯಿಯ ಓವಲ್ ಮೈದಾನಕ್ಕೆ ಅಂಥ ಬಾಯಿ ದೊರೆಯಿತು. 1990ರ ದಶಕದಲ್ಲಿ ಅದು ಹಾಳುಬಿದ್ದಿದ್ದಾಗ ಸುತ್ತಲಿನ ನಿವಾಸಿಗಳ ಸಂಘವೊಂದು ಹೈಕೋರ್ಟಿಗೆ ಹೋಯಿತು, ಬಳಿಕ ಅದರ ಆರೈಕೆಯ ಭಾರವನ್ನೂ ಹೊತ್ತಿತು. 2018ರಲ್ಲಿ ಅದರ ಎರಡು ಬದಿಯ ಕಟ್ಟಡಗಳೊಡನೆ ಆ ಬಯಲೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪುಣೆಯವರು 2006ರಿಂದಾಚೆಗೆ ಮತ್ತೊಂದು ದಾರಿ ಹಿಡಿದರು. ತಮ್ಮ ವಾರ್ಡಿಗೆ ಬೇಕಾದ ಸಣ್ಣ ಕೆಲಸಗಳನ್ನು ನಾಗರಿಕರೇ ನಗರದ ಮುಂಗಡಪತ್ರಕ್ಕೆ ಸೂಚಿಸುವ ಪದ್ಧತಿ ಅದು. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ನಗರಸಭೆಗಳಿಗೆ ಒಪ್ಪಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಉದ್ಯಾನ, ತೋಟ, ಆಟದ ಬಯಲುಗಳ ಹೆಸರು ಸ್ಪಷ್ಟವಾಗಿಯೇ ಬಂದಿತು.

ಇಷ್ಟೆಲ್ಲ ಇದ್ದೂ ನಮ್ಮ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ. ನಿವಾಸಿಗಳು ಎಂದಾಗ ಯಾರು ಕಣ್ಣ ಮುಂದೆ ಬರುತ್ತಾರೆ? ಸಭೆಗೆ ಹೋಗಲು ಬಿಡುವುಳ್ಳವರು, ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಅರ್ಜಿ ಬರೆಯಬಲ್ಲವರು, ಬೆಳಗಿನ ನಡಿಗೆಗೆ ಬರುವವರು. ಅವರು ನಡೆಯುವ ಹಾದಿ ಬೇಕೆನ್ನುತ್ತಾರೆ, ಹಾದಿ ಬರುತ್ತದೆ. ಹುಲ್ಲುಹಾಸು ಕೆಡಬಾರದೆನ್ನುತ್ತಾರೆ, ‘ಚೆಂಡಾಟ ನಿಷಿದ್ಧ’ ಎಂಬ ಫಲಕ ಬರುತ್ತದೆ. ಅವರ ಬೇಡಿಕೆ ತಪ್ಪಲ್ಲ. ಆದರೆ ನಿಮ್ಮಲ್ಲಿ ಹಲವರ ತಂದೆಯರು ಹೋಟೆಲುಗಳಲ್ಲಿ ದುಡಿಯುತ್ತಾರೆ. ಊಟದ ಗಲಾಟೆ ಮುಗಿದು ಸಂಜೆಯ ಕಾಫಿ ತಿಂಡಿಗೆ ಮೊದಲು, ಮಧ್ಯಾಹ್ನ ಮೂರರ ಹೊತ್ತಿಗೆ, ಅವರಿಗೆ ಒಂದು ಗಳಿಗೆ ಬಿಡುವು. ಶಾಲೆಯ ಸಮೀಪದ ಉದ್ಯಾನದ ಬಾಗಿಲಿಗೆ ಬೀಗ ಬೀಳುವುದು ಸರಿಯಾಗಿ ಆ ಹೊತ್ತಿಗೇ. ಮರವುಂಟು, ಮರದಡಿ ಕಲ್ಲಿನ ಆಸನವುಂಟು. ಬೇಲಿಯ ಹೊರಗೆ ಕಾಲುದಾರಿಯ ಅಂಚಿನಲ್ಲಿ ಅವರು ಕುಳಿತಿರುತ್ತಾರೆ. ಬೀಗದ ವೇಳೆಯನ್ನು ಗೊತ್ತುಪಡಿಸುವಾಗ ಅವರ ದಿನಚರಿ ಯಾರ ಕಿವಿಗೂ ಬಿದ್ದಿರಲಾರದು.

ದೇಶದ ನಗರ ಯೋಜನೆಗೆ ಮಾರ್ಗದರ್ಶಿಯಾಗಿ 2014ರಲ್ಲಿ ಹೊರಬಂದ ಸೂಚನೆಗಳು ಒಬ್ಬೊಬ್ಬರಿಗೆ 10ರಿಂದ 12 ಚದರ ಮೀಟರು ಬಯಲು ಇರಬೇಕೆನ್ನುತ್ತವೆ. ಮುಂಬಯಿಯಲ್ಲಿ ನಿಜವಾಗಿ ಕಾಲಿಡಬಹುದಾದ ಬಯಲು ಎರಡು ಚದರ ಮೀಟರಿಗಿಂತಲೂ ಕಡಿಮೆ. ಒಂದು ಚಾಪೆ ಹಾಸುವಷ್ಟು. ಚಾಪೆಯಗಲದ ನೆಲಕ್ಕೆ ಬೀಗದ ಹೊತ್ತೂ ಫಲಕವೂ ಕೂಡಿಕೊಂಡರೆ ಏನು ಉಳಿದೀತು?

ಹೀಗೆ ಯೋಚಿಸುತ್ತ ನಾವು ಹಿಂದಿನ ವರ್ಷ ಎಂಟನೆಯ ತರಗತಿಯವರಿಗೆ ಪ್ರಬಂಧದ ಬದಲು ಒಂದು ಎಣಿಕೆಯ ಕೆಲಸ ಕೊಟ್ಟೆವು. ವಾರವೊಂದರಲ್ಲಿ ಉದ್ಯಾನಕ್ಕೆ ಯಾರು, ಯಾವ ಹೊತ್ತಿಗೆ, ಯಾತಕ್ಕೆ ಬರುತ್ತಾರೆ ಎಂಬುದನ್ನು ಪುಸ್ತಕದಲ್ಲಿ ಗೆರೆ ಎಳೆದು ಬರೆಯಬೇಕು. ಬಾರದವರನ್ನು ಏಕೆ ಬರುವುದಿಲ್ಲವೆಂದು ಕೇಳಬೇಕು. ಎರಡನೆಯದೇ ಕಷ್ಟದ ಕೆಲಸ. ಅದರಿಂದಲೇ ಹೆಚ್ಚು ತಿಳಿಯಿತು. ಹುಡುಗರ ಪಟ್ಟಿಯಲ್ಲಿ ಮೊದಲನೆಯ ಬೇಡಿಕೆ ಕ್ರಿಕೆಟ್ಟಿಗೆ ಜಾಗ, ಎರಡನೆಯದೂ ಅದೇ. ಹೆಣ್ಣುಮಕ್ಕಳ ಪುಸ್ತಕಗಳು ಬೇರೆ ಮಾತಾಡಿದವು. ಒಬ್ಬಳು ಎದ್ದು ನಿಂತು, “ಮಾಸ್ತರೇ, ನಮಗೆ ಉಯ್ಯಾಲೆ ಬೇಡ. ಗಿಡದ ಗೋಡೆ ಕತ್ತರಿಸಿ ತಗ್ಗಿಸಲಿ. ಹೊರಗಿನವರಿಗೆ ನಾವು ಕಾಣಬೇಕು, ಆಗ ಅಮ್ಮ ಕಳುಹಿಸುತ್ತಾರೆ” ಎಂದಳು. ಉದ್ಯಾನ ಕಟ್ಟುವವರು ಮರೆ ಇದ್ದರೆ ಚೆಂದವೆಂದು ಎತ್ತರದ ಗಿಡಗಳನ್ನು ನೆಟ್ಟಿರುತ್ತಾರೆ. ಆ ಚೆಂದವೇ ಅರ್ಧ ತರಗತಿಯನ್ನು ಹೊರಗಿಟ್ಟಿತ್ತು. ಇದನ್ನು ನಾವು ಯಾವ ಪುಸ್ತಕದಿಂದಲೂ ಕಲಿಯುತ್ತಿರಲಿಲ್ಲ. ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿಯ ಕಡೆಯಿಂದ ಬಂದ ಮನೆಯ ಹುಡುಗನೊಬ್ಬ, ತನ್ನ ಅವ್ವ ಉದ್ಯಾನಕ್ಕೆ ಬರುವುದು ನಲ್ಲಿಯ ನೀರಿಗಾಗಿ ಮಾತ್ರವೆಂದೂ ಆ ನಲ್ಲಿ ಕೆಟ್ಟ ಮೇಲೆ ಆಕೆ ಬಂದಿಲ್ಲವೆಂದೂ ಬರೆದಿದ್ದ.

ಎಲ್ಲವನ್ನೂ ಕೂಡಿಸಿ ಕನ್ನಡದಲ್ಲಿ ಒಂದು ಅರ್ಜಿ ಸಿದ್ಧವಾಯಿತು. ಅದನ್ನು ಮರಾಠಿಗೆ ತಿರುಗಿಸಿದವರು ಮಕ್ಕಳೇ. ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ. ಈ ನಾಲಗೆಯ ಸಂಪತ್ತಿನ ಅರಿವೇ ಅವರಿಗಿಲ್ಲ. ‘ಬಿಡುವು’ ಎಂಬ ಮಾತಿಗೆ ಮರಾಠಿಯಲ್ಲಿ ಯಾವುದು ತಕ್ಕುದೆಂದು ಅರ್ಧ ಗಂಟೆ ಜಗಳವಾಡಿದರು. ಪ್ರತಿಯೊಂದು ಬೇಡಿಕೆಯ ಮುಂದೆಯೂ ಅದು ಯಾರದೆಂದು ಬರೆಯಬೇಕೆಂದು ಹಟ ಹಿಡಿದವರೂ ಅವರೇ: ಹೋಟೆಲಿನವರದು, ಹೆಣ್ಣುಮಕ್ಕಳದು, ಅಜ್ಜಂದಿರದು, ಕ್ರಿಕೆಟ್ಟಿನವರದು. ನಡಿಗೆಯವರಿಗೂ ಚೆಂಡಾಟದವರಿಗೂ ಹೊಂದದ ಕಡೆ, ಬೆಳಗ್ಗೆ ಎಂಟರವರೆಗೆ ಅವರಿಗೆ, ಸಂಜೆ ಇವರಿಗೆ ಎಂದು ಹೊತ್ತನ್ನು ಪಾಲು ಮಾಡಿದರು. ಪಂಚಾಯಿತಿಯಲ್ಲಿ ಕುಳಿತ ಹಿರಿಯರೂ ಇದಕ್ಕಿಂತ ಹೆಚ್ಚಿನದನ್ನು ಮಾಡಲಾರರೆಂದು ನಮಗೆ ತೋರಿತು.

ಕಚೇರಿಯಲ್ಲಿ ಅರ್ಜಿಯನ್ನು ತೆಗೆದುಕೊಂಡು ನಕಲಿನ ಮೇಲೆ ಮೊಹರು ಒತ್ತಿ ಕೊಟ್ಟರು. ನಲ್ಲಿ ದುರಸ್ತಿಯಾಯಿತು. ರಸ್ತೆಯ ಕಡೆಯ ಗಿಡಗಳನ್ನು ಸೊಂಟದೆತ್ತರಕ್ಕೆ ಕತ್ತರಿಸಿದರು. ಮಧ್ಯಾಹ್ನದ ಬೀಗ ಇನ್ನೂ ಹಾಗೆಯೇ ಇದೆ; ‘ವಿಚಾರಣೆಯಲ್ಲಿದೆ’ ಎಂಬ ಉತ್ತರ ಬಂದಿದೆ. ಮೂರರ ಹೊತ್ತಿಗೆ ಬೇಲಿಯ ಹೊರಗೆ ಕುಳಿತಿರುವವರ ಎಣಿಕೆಯನ್ನು ಒಂದು ವಾರದ ಬದಲು ವರ್ಷದ ಮೂರು ಕಾಲಗಳಲ್ಲಿಯೂ ಮಾಡಿ ಎರಡನೆಯ ಅರ್ಜಿ ಕೊಡಬೇಕೆಂದು ಹಿಂದಿನ ತರಗತಿಯವರು ಸಲಹೆ ಬರೆದಿಟ್ಟು ಹೋಗಿದ್ದಾರೆ. ಚಳಿಗಾಲದ್ದೂ ಬೇಸಗೆಯದೂ ಮುಗಿದಿವೆ. ಮಳೆಗಾಲದ್ದು ಉಳಿದಿದೆ. ಈ ವರ್ಷ ಎಂಟನೆಯ ತರಗತಿಗೆ ಬರುವವರು ಮೊದಲ ಶನಿವಾರವೇ ಗೆರೆ ಹಾಕಿದ ಪುಸ್ತಕವನ್ನೂ ಕೊಡೆಯನ್ನೂ ತರತಕ್ಕದ್ದು.